ವಾರಕ್ಕೊಮ್ಮೆ ಥೆರಪಿ, ಉಳಿದ ದಿನ ಮನೆಯಲ್ಲಿ ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಮೂರು ವರ್ಷದ ನನ್ನ ಮಗನಿಗೆ ಆಟಿಸಂ ಇದೆಯೆಂದು ಎರಡು ತಿಂಗಳ ಹಿಂದೆ ತಿಳಿಯಿತು. ನಾವಿರುವುದು ಹಳ್ಳಿಯಲ್ಲಿ, ವಾರಕ್ಕೊಮ್ಮೆ ಮಾತ್ರ ಥೆರಪಿಗೆ ಕರೆದೊಯ್ಯಲು ಸಾಧ್ಯ. ಮನೆಯಲ್ಲಿ ನಾನು ಚಿತ್ರ ತೋರಿಸಿ ‘ಇದೇನು, ಅದೇನು’ ಎಂದು ಕೇಳಿದರೆ ಎದ್ದುಹೋಗಿ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂರುತ್ತಾನೆ. ಓದಿಕೊಂಡವರು ಮಾಡುವ ಕೆಲಸ ನನ್ನಿಂದ ಆದೀತೇ?

ಉತ್ತರ (ವಾಕ್ ಚಿಕಿತ್ಸಕಿ): ಖಂಡಿತ ಆಗುತ್ತದೆ, ಅಮ್ಮ. ಸದ್ಯಕ್ಕೆ ಚಿತ್ರಗಳನ್ನು ಎತ್ತಿಡಿ. ಅವನು ಮುಚ್ಚಳ ತಿರುಗಿಸುವಾಗ ಅದನ್ನು ಕಸಿದುಕೊಳ್ಳದೆ, ಅವನ ಮುಖ ಕಾಣುವಂತೆ ಎದುರಿಗೆ ನೆಲದ ಮೇಲೆ ಕುಳಿತು, ನೀವೂ ಒಂದು ಮುಚ್ಚಳ ತಿರುಗಿಸುತ್ತಾ ‘ಗಿರಗಿರ’ ಎನ್ನಿ. ಬಿದ್ದಾಗ ‘ಬಿತ್ತು’ ಎನ್ನಿ. ಆಮೇಲೆ ಸುಮ್ಮನಿದ್ದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹೀಗೆ ಕಾಯುವುದು ತಾಯಂದಿರಿಗೆ ಬಹಳ ಕಷ್ಟವೆಂದು ಬಲ್ಲೆ, ಆದರೆ ನಾನು ಕಂಡಂತೆ ಹೆಚ್ಚು ಫಲ ಕೊಡುವುದೂ ಅದೇ. ಅವನು ನಿಮ್ಮ ಕೈಯನ್ನು ಮುಚ್ಚಳದತ್ತ ಎಳೆದರೆ, ಕ್ಷಣಕಾಲ ಮುಖ ನೋಡಿದರೂ ಸಾಕು, ಅದನ್ನು ಮಾತೆಂದೇ ತಿಳಿದು ತಕ್ಷಣ ತಿರುಗಿಸಿ.

ಬ್ರಿಟನ್ನಿನಲ್ಲಿ 152 ಮಕ್ಕಳ ಮೇಲೆ ನಡೆದ ‘ಪ್ಯಾಕ್ಟ್’ ಅಧ್ಯಯನದ ತಿರುಳೂ ಇದೇ. ತಾಯಿ ಅಥವಾ ತಂದೆ ಮಗುವಿನೊಂದಿಗೆ ಆಡುವುದನ್ನು ಚಿತ್ರೀಕರಿಸಿ, ಚಿಕಿತ್ಸಕರು ಅವರೊಂದಿಗೇ ಕುಳಿತು ನೋಡಿ, ಮಗು ಎಲ್ಲಿ ಸೂಚನೆ ಕೊಟ್ಟಿತೆಂದು ತೋರಿಸುತ್ತಿದ್ದರು. 2010ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದಲ್ಲಿ ಆಟಿಸಂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅದೇ ಮಕ್ಕಳನ್ನು ವರ್ಷಗಳ ಬಳಿಕ ಮತ್ತೆ ನೋಡಿದಾಗ, 2016ರ ವರದಿಯಂತೆ, ಈ ವಿಧಾನ ಪಡೆದವರಲ್ಲಿ ಲಕ್ಷಣಗಳ ತೀವ್ರತೆ ಪಡೆಯದವರಿಗಿಂತ ಕಡಿಮೆಯಿತ್ತು. ಇದು ಗುಣವಾಗುವ ಭರವಸೆಯಲ್ಲ, ಅವಸರಪಡಬಾರದೆಂಬುದಕ್ಕೆ ಆಧಾರ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ಇದೇ ವಿಧಾನವನ್ನು ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಒಯ್ದಾಗಲೂ ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದು ಹೆಚ್ಚಿತು. ನೀವೂ ಮೊಬೈಲಿನಲ್ಲಿ ಹತ್ತು ನಿಮಿಷದ ಆಟ ಚಿತ್ರೀಕರಿಸಿಕೊಂಡು ಮುಂದಿನ ಭೇಟಿಯಲ್ಲಿ ನಿಮ್ಮ ಥೆರಪಿಸ್ಟ್‌ಗೆ ತೋರಿಸಿ.

ಪ್ರಶ್ನೆ: ಅವನು ಕೇಳುವ ಮೊದಲೇ ಅತ್ತೆಯವರು ನೀರು, ಬಾಳೆಹಣ್ಣು ಎಲ್ಲವನ್ನೂ ಕೈಗಿಡುತ್ತಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ. ಇನ್ನು, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಬೇಕೇ?

ಉತ್ತರ: ಕನ್ನಡ ಬಿಡಲೇಬೇಡಿ, ನಿಮಗೆ ಮನಸ್ಸಿನಿಂದ ಬರುವ ಭಾಷೆಯಲ್ಲೇ ಮಾತಾಡಿ. ಅತ್ತೆಯವರ ಅಕ್ಕರೆಯನ್ನು ತಡೆಯುವ ಬದಲು ಅದನ್ನೇ ಥೆರಪಿಯಾಗಿಸಬಹುದು. ಬಾಳೆಹಣ್ಣನ್ನು ಅರ್ಧ ಸುಲಿದು, ಒಂದು ತುಂಡು ಕೊಟ್ಟು, ಉಳಿದದ್ದನ್ನು ಅವನಿಗೆ ಕಾಣುವಂತೆ ಹಿಡಿದು ಅವರು ಕಾಯಲಿ. ಅವನು ಕೈಚಾಚಿದ ಕೂಡಲೇ ‘ಹಣ್ಣು’ ಎಂದು ಒಮ್ಮೆ ಹೇಳಿ ಕೊಟ್ಟುಬಿಡಲಿ. ಅಳುವವರೆಗೆ ಕಾಯಿಸುವುದು ಬೇಡ. ಮೊದಲ ಸಲ ನೀವು ಪಕ್ಕದಲ್ಲಿದ್ದು ಮಾಡಿ ತೋರಿಸಿ.