ಗಾಡಿ ‘ಎಬ್ಬಿಸುವುದು’: ಈ ಬಳಕೆ ನಿಮ್ಮ ಕಡೆ ಇದೆಯೇ?

ಎಲ್ಲರಿಗೂ ಕಲಬುರಗಿಯಿಂದ ಶರಣು ಶರಣಾರ್ಥಿ.

ಕೇಳಬೇಕಾದದ್ದು ಒಂದೇ ಪದ. ಆದರೆ ಆ ಪದದ ತನಕ ಬರಲು ನನಗೆ ಎಂಟು ತಿಂಗಳು ಹಿಡಿಯಿತು, ಎಡಗೈ ಹೆಬ್ಬೆರಳಿನ ಉಗುರೂ ಹೋಯಿತು. ಹಾಗಾಗಿ ಮಾತು ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸೇಡಂ ಕಡೆ ನಮ್ಮ ಹಳ್ಳಿಮನೆಯಲ್ಲಿ ಕಾಕಾನ ಜಾವಾ ಗಾಡಿ, ಅಂದರೆ ಮೋಟಾರ್‌ಸೈಕಲ್, ಇತ್ತು. 1971ರದು. ಕಾಕಾ ಮಾಸ್ತರರು, ಅದರ ಮೇಲೇ ಶಾಲೆಯಿಂದ ಶಾಲೆಗೆ ತಿರುಗಿದವರು. ಅವರು ತೀರಿಕೊಂಡ ಮೇಲೆ ಗಾಡಿಯನ್ನು ದನದ ಕೊಟ್ಟಿಗೆಯ ಮೂಲೆಗೆ ತಳ್ಳಿ, ಮೇಲೆ ತೊಗರಿ ಕಟ್ಟಿಗೆ ಒಟ್ಟಿಬಿಟ್ಟರು. ಇಪ್ಪತ್ತಾರು ವರ್ಷ ಅಲ್ಲೇ ಇತ್ತು. ಹೋದ ದೀಪಾವಳಿಗೆ ಅದನ್ನು ಟೆಂಪೊದಲ್ಲಿ ಹಾಕಿಕೊಂಡು ಕಲಬುರಗಿಗೆ ತಂದೆ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ಟ್ಯೂಬ್‌ಲೈಟಿನ ಸ್ಟಾರ್ಟರ್ ಬದಲಿಸಿದ್ದೇ ನನ್ನ ಅತಿ ದೊಡ್ಡ ಯಂತ್ರಾನುಭವ.

ದಿನದಿನದ ಕೆಲಸ ಬರೆದಿಡಲು ಒಂದು ನೋಟ್‌ಬುಕ್ ಮಾಡಿದೆ, ಕನ್ನಡದಲ್ಲೇ ಬರೆಯುವುದೆಂದು ಹಟ ಹಿಡಿದೆ. ಹಟ ರಟ್ಟಿನ ಮೇಲೇ ಮುಗ್ಗರಿಸಿತು. ಇಂಗ್ಲಿಷಿನವರು ರೆಸ್ಟೊರೇಶನ್ ಅಂದು ಸುಮ್ಮನಾಗುತ್ತಾರೆ. ನಾನು ಏನು ಬರೆಯಲಿ?

ರಿಪೇರಿ ಅನ್ನಬಹುದು. ಆದರೆ ಪಂಕ್ಚರ್ ಹಾಕಿಸುವುದೂ ರಿಪೇರಿಯೇ. ದುರಸ್ತಿ ನಮ್ಮ ಕಡೆ ಬಹಳ ಓಡುವ ಪದ, ಫಾರಸಿಯ ‘ದುರುಸ್ತ್’ನಿಂದ ಬಂದದ್ದು, ಆದರೆ ಅದಕ್ಕೆ ಈಗ ಟೆಂಡರಿನ ವಾಸನೆ ಹತ್ತಿದೆ, ಕೆರೆ ಏರಿ ದುರಸ್ತಿ, ರಸ್ತೆ ದುರಸ್ತಿ ಅಂತ. ಪುನಶ್ಚೇತನ ಕೇಳಿದರೆ ನನಗೆ ಶಿಕ್ಷಕರ ಪುನಶ್ಚೇತನ ಶಿಬಿರ ನೆನಪಾಗುತ್ತದೆ. ಕಾಕಾ ರಜೆಯಲ್ಲಿ ಅಂಥ ಶಿಬಿರಕ್ಕೆ ಬೈದುಕೊಳ್ಳುತ್ತ ಹೊರಡುತ್ತಿದ್ದರು, ಇದೇ ಗಾಡಿಯ ಮೇಲೆ. ನವೀಕರಣ ಅಂತೂ ತೀರಾ ತಪ್ಪು. ಹೊಸದು ಮಾಡುವುದಲ್ಲ, ಹಳೆಯದನ್ನು ಹಳೆಯದಾಗಿಯೇ ಓಡಿಸುವುದು ಇಲ್ಲಿನ ಕೆಲಸ. ಸರಕಾರವೂ ಅದನ್ನೇ ಹೇಳುತ್ತದೆ: 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರು ಸಿಗುತ್ತದೆ, ಆದರೆ ಅದರ ಮೂಲರೂಪ ಕೆಡಿಸಿರಬಾರದು. ನವೀಕರಿಸಿದರೆ ನಂಬರು ಹೋಯಿತು! ಉಳಿದದ್ದು ಜೀರ್ಣೋದ್ಧಾರ. ಅದನ್ನು ಬರೆದೂ ಬರೆದೆ. ಮಗಳು ನೋಡಿ, “ಅಪ್ಪಾ, ಗುಡಿ ಕಟ್ಟಸ್ಲಿಕತ್ತೀಯೇನು? ಪಾವತಿ ಪುಸ್ತಕ ಎಲ್ಲದ?” ಅಂದಳು. ಅಳಿಸಿದೆ.

ಇಲ್ಲಿಂದ ಮುಂದೆ ನನ್ನ ಕನ್ನಡ ಪಾಠ ನಡೆದದ್ದು ಹುಮನಾಬಾದ್ ರಸ್ತೆಯ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿನ ಉಸ್ತಾದರಿಗೆ ಎಪ್ಪತ್ತರ ಮೇಲಾಗಿದೆ. ಮನೆಯಲ್ಲಿ ದಖ್ಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಪಾನಾ ಕೈಗೆ ಬಂದರೆ ಎರಡೂ ಕೂಡಿ ಒಂದು. “ದಸ್-ಗ್ಯಾರಾ ಕೊಡ್ರಿ ಇಲ್ಲಿ” ಅಂದರೆ ಹತ್ತು-ಹನ್ನೊಂದರ ಪಾನಾ ಕೊಡಬೇಕು. ಸ್ಪ್ಯಾನರ್ ಅಂದರೆ ಅವರ ಹುಡುಗರಿಗೆ ತಿಳಿಯುವುದಿಲ್ಲ. ಪ್ಲಾಯರ್ ಅಂದರೆ ಪಕ್ಕಡ, ಸ್ಕ್ರೂ ಡ್ರೈವರ್ ಅಂದರೆ ಪೇಚಕಸ್, ಟ್ಯಾಂಕ್ ಅಂದರೆ ಟಂಕಿ, ವಾಷರ್ ಅಂದರೆ ವೈಸರ್. ಬೋಲ್ಟಿನ ಥ್ರೆಡ್ ಸವೆದರೆ “ಚೂಡಿ ಹೋಗ್ಯಾದ” ಅನ್ನುತ್ತಾರೆ. ಉರ್ದುವಿನಲ್ಲಿ ಚೂಡಿ ಅಂದರೆ ಬಳೆ. ಒಮ್ಮೆ ಕೇಳಿದ ಮೇಲೆ ಬೋಲ್ಟು ನೋಡಿದಾಗೆಲ್ಲ ಮೊಣಕೈ ತನಕ ಬಳೆ ಇಟ್ಟ ಕೈ ಕಾಣುತ್ತದೆ. ಮರಾಠಿಯವರು ಇದಕ್ಕೇ ಆಟೆ ಅನ್ನುತ್ತಾರೆ, ಅದರಲ್ಲಿ ಈ ಚಂದ ಇಲ್ಲ.

ಈ ಮಿಶ್ರಣಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1948ರವರೆಗೆ ನಾವು ನಿಜಾಮನ ರಾಜ್ಯದವರು, ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಅದಾಗಿ ಐದು ವರ್ಷಕ್ಕೆ, 1961ರಲ್ಲಿ, ಮೈಸೂರಿನ ಕಾರ್ಖಾನೆಯಿಂದ ಜಾವಾ ಗಾಡಿಗಳು ಹೊರಬರತೊಡಗಿದವು. ಅಂದರೆ ಮೈಸೂರಿನಲ್ಲಿ ಹುಟ್ಟಿದ ಗಾಡಿ ನಮ್ಮಲ್ಲಿ ಬಂದು ಉರ್ದು ಕಲಿಯಿತು. ಹೆಸರಾದರೂ ಎಲ್ಲಿಯದು? 1929ರಲ್ಲಿ ಚೆಕ್ ದೇಶದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡು, ಎರಡೂ ಹೆಸರಿನ ತಲೆ ಕೂಡಿಸಿ ಇಟ್ಟದ್ದು. ಚೆಕ್ ಬಾಯಲ್ಲಿ ಅದು ಜಾವಾ ಅಲ್ಲ, ಯಾವಾ. “ಯಾವ ಗಾಡಿ?” ಅಂತ ಕೇಳಿದರೆ “ಯಾವಾ ಗಾಡಿ” ಅನ್ನುವುದೇ ಸರಿಯುತ್ತರ.

ಗಾಡಿ ತಂದ ವಾರದಲ್ಲೇ ಹಳೆ ಸಾಮಾನಿನವನು ಓಣಿಗೆ ಬಂದಿದ್ದ. ಸುತ್ತ ಒಂದು ಸುತ್ತು ಹಾಕಿ, ಮಡ್‌ಗಾರ್ಡಿಗೆ ಬೆರಳಿಂದ ತಟ್ಟಿ, “ಇದು ಪೂರಾ ಭಂಗಾರ ಅದರಿ” ಅಂದ. ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮುಖ ಅರಳಿಸಿ, “ಹೌದಪ್ಪಾ, ನಮ್ಮ ಮೈದುನ ಬಂಗಾರದಂಗ ಇಟ್ಟಿದ್ದ” ಅಂದಳು. ಆತ ನನ್ನ ಮುಖ ನೋಡಿದ, ನಾನು ಆತನ ಮುಖ ನೋಡಿದೆ. ಮರಾಠಿ, ಹಿಂದಿಯ ಭಂಗಾರ ಅಂದರೆ ಗುಜರಿ. ನಮ್ಮ ಬಾಯಲ್ಲಿ ಮಹಾಪ್ರಾಣ ನಿಲ್ಲುವುದು ಅಷ್ಟರಲ್ಲೇ ಇದೆ. ಹೊನ್ನೂ ಗುಜರಿಯೂ ಒಂದೇ ಸದ್ದಿನಲ್ಲಿ ಓಡಾಡುತ್ತವೆ. ಬರೆಯುವಾಗ ಮಾತ್ರ ಹೊಟ್ಟೆ ಸೀಳಿ ಬೇರೆ ಮಾಡುತ್ತೇವೆ.

ಇನ್ನು ಜಂಗ. ತುಕ್ಕು ಅನ್ನುವುದು ನಾನು ಪುಸ್ತಕದಲ್ಲಿ ಓದಿದ ಪದ. ಶೆಡ್ಡಿನಲ್ಲಿ “ಜಂಗ ಹಿಡದದ” ಅಂತಲೇ ಮಾತು. ಫಾರಸಿಯಲ್ಲಿ ತುಕ್ಕಿನ ‘ಝಂಗ್’ ಬೇರೆ, ಯುದ್ಧದ ‘ಜಂಗ್’ ಬೇರೆ, ಅಕ್ಷರವೂ ಬೇರೆ. ಕನ್ನಡಕ್ಕೆ ಬಂದಾಗ ಎರಡೂ ಒಂದೇ ಜ ಹತ್ತಿ ಕೂತವು. ಜಾತ್ರೆಯಲ್ಲಿ ಗೋಡೆಗೆ ಹಚ್ಚುವ ‘ಜಂಗೀ ನಿಕಾಲಿ ಕುಸ್ತಿ’ಯ ಜಂಗ್ ಯುದ್ಧದ್ದು. ನನ್ನ ಟಂಕಿಯೊಳಗೆ ಎರಡೂ ಇದ್ದವು. ಹಿಡಿ ತುಂಬ ಸಣ್ಣ ನಟ್ಟು, ಎರಡು ಬಾಟಲಿ ವಿನಿಗರ್ ಹಾಕಿ, ಬಾಯಿ ಕಟ್ಟಿ, ತೊಡೆಯ ಮೇಲಿಟ್ಟು ಅಲ್ಲಾಡಿಸುವುದು. ದಿನಕ್ಕೆ ಅರ್ಧ ತಾಸು. ಮೊದಲ ದಿನ ಸುರಿದಾಗ ಬಂದದ್ದು ಹುರಿದ ಖಾರದ ಪುಡಿಯಂಥ ಕೆಂಪು ರಾಡಿ. ಪಕ್ಕದ ಮನೆಯ ಕಾಕು ಗೋಡೆಯಾಚೆಯಿಂದ ಇಣುಕಿ, “ಏನ್ರಿ, ತೊಟ್ಲಾ ತೂಗ್ಲಿಕತ್ತೀರಿ?” ಅಂದರು. ಒಂಬತ್ತನೇ ದಿನ ಬಾಯಿಯೊಳಗೆ ಟಾರ್ಚ್ ಹಿಡಿದರೆ ಬೆಳ್ಳಗೆ ಲೋಹ ಕಂಡಿತು.

ಇಲ್ಲಿಯೇ ನನಗೆ ಒಂದು ವಿಷಯ ಹೊಳೆಯಿತು. ಶೆಡ್ಡಿನ ನಾಮಪದಗಳು ಎಲ್ಲಿಂದಲೋ ಬಂದವು. ಇಂಗ್ಲಿಷು, ಉರ್ದು, ಮರಾಠಿ. ಆದರೆ ಕ್ರಿಯಾಪದ ಮಾತ್ರ ಅಚ್ಚ ಕನ್ನಡ, ಅದೂ ಹೆಚ್ಚಾಗಿ ಎರಡೇ: ಹಿಡಿ, ಹೊಡಿ. ಜಂಗ ಹಿಡಿಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ ಇಲ್ಲವೇ ಹಿಡಿಯುವುದಿಲ್ಲ. ಹುಚ್ಚು ಹಿಡಿದಂತೆ, ಗ್ರಹಣ ಹಿಡಿದಂತೆ. ಇದೆಲ್ಲ ಗಾಡಿಗೆ ತಾನಾಗಿ ಆಗುವುದು. ನಾವು ಮಾಡುವುದಾದರೆ ಹೊಡಿ: ಕಿಕ್ ಹೊಡಿ, ಗ್ರೀಸ್ ಹೊಡಿ, ಬಣ್ಣ ಹೊಡಿ, ಗಾಳಿ ಹೊಡಿ. ಯಂತ್ರ ಹಿಡಿಯುತ್ತದೆ, ಮನುಷ್ಯ ಹೊಡೆಯುತ್ತಾನೆ. ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ ದೊಡ್ಡ ಪಿಸ್ಟನ್ ಕೂಡಿಸಬೇಕಾಯಿತು. ಅದನ್ನೂ ಹೀಗೇ ಹೇಳಿ ಸಿಕ್ಕಿಬಿದ್ದೆ. ಮಾವನವರು ಫೋನಿನಲ್ಲಿ ಏನು ನಡೆಸೀರಿ ಅಂದಾಗ, “ಬೋರ್ ಹೊಡಸ್ಬೇಕ್ರಿ ಮಾಮಾ” ಅಂದೆ. “ಹೊಲದಾಗೋ, ಮನಿ ಮುಂದೋ?” ಅಂತ ಕೇಳಿದರು. ಎರಡು ದಿನ ಬಿಟ್ಟು ಮತ್ತೆ ಫೋನ್: “ನೀರು ಎಷ್ಟು ಬಿತ್ತು?”

ಪಿಸ್ಟನ್ ಬಿಡಿಸಿದ ಕತೆಗೆ ಬರುತ್ತೇನೆ, ನನ್ನ ಪದ ಅಲ್ಲಿದೆ. ಗಾಡಿ ಮೊದಲ ಸಲ ಶೆಡ್ಡಿಗೆ ಹೋದಾಗ ಕಿಕ್ ಕಲ್ಲಿನಂತೆ ಕೂತಿತ್ತು. ಜಾವಾ ಬಲ್ಲವರಿಗೆ ಗೊತ್ತು, ಅದರಲ್ಲಿ ಕಿಕ್ಕೂ ಗೇರೂ ಒಂದೇ ಕೋಲು. ಒಳಗೊತ್ತಿ ಹಿಂದಕ್ಕೆ ತಿರುವಿದರೆ ಕಿಕ್, ಮುಂದಕ್ಕೆ ಮಲಗಿಸಿದರೆ ಗೇರು. ಉಸ್ತಾದರು ಕೋಲಿನ ಮೇಲೆ ಅಂಗೈ ಊರಿ ಒಮ್ಮೆ ಒತ್ತಿದರು, ಕಿವಿ ಹತ್ತಿರ ತಂದರು. ನಾನು, “ಎಂಜಿನ್ ಸತ್ತದೇನ್ರಿ?” ಅಂದೆ.

“ಸತ್ತಿಲ್ಲ ಸರ್. ಮಲಗ್ಯಾದ. ಎಬ್ಬಸ್ಬೇಕು.”

ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ‘ಕುಡಿಸಿ’, ವಾರ ಬಿಟ್ಟು ಬನ್ನಿ ಅಂದರು. ವಾರವಾದ ಮೇಲೆ ಹೆಡ್ ತೆಗೆದು, ಪಿಸ್ಟನ್ ನೆತ್ತಿಯ ಮೇಲೆ ಕಟ್ಟಿಗೆ ತುಂಡಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದರು. ಸಿಟ್ಟಿಲ್ಲದ ಪೆಟ್ಟು, ಬಾಗಿಲು ತಟ್ಟಿದಂತೆ. ಎಷ್ಟೋ ಹೊತ್ತಿಗೆ ಸದ್ದು ಬದಲಾಯಿತು. “ಅರ್ಧ ಸೂತ ಸರೀತು” ಅಂದರು. ಸೂತ ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ನೂಲು ಎಂಬರ್ಥದ ಸಂಸ್ಕೃತದ ಸೂತ್ರವೂ ಅದೇ ಕುಲ. “ಎದ್ದಿತು ನೋಡ್ರಿ.”

ಆಮೇಲೆ ಕಿವಿಗೊಟ್ಟೆ. ಬರೀ ಎಂಜಿನ್ನಿಗೆ ಹೇಳಿದ ಮಾತಲ್ಲ ಅದು. ಪಂಕ್ಚರ್ ಹಾಕಿದ ಗಾಡಿಗೆ ‘ಮಾಡಿದೆವು’ ಅನ್ನುತ್ತಾರೆ, ಕ್ಲಚ್ ಪ್ಲೇಟು ಬದಲಿಸಿದರೆ ‘ಹಾಕಿದೆವು’. ವರ್ಷಗಟ್ಟಲೆ ನಿಂತ ಗಾಡಿಯನ್ನು ಪೂರಾ ಬಿಚ್ಚಿ, ತೊಳೆದು, ಕೂಡಿಸಿ, ಮತ್ತೆ ರಸ್ತೆಗೆ ಬಿಟ್ಟರೆ ಮಾತ್ರ ‘ಎಬ್ಬಿಸಿದೆವು’. ನಾನು ಹುಡುಕುತ್ತಿದ್ದ ಅರ್ಥ ಇಷ್ಟೇ, ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ.

ಮಲಗು-ಏಳು ಜೋಡಿ ನಮಗೆ ಹೊಸದಲ್ಲ. ಗಾಳಿಗೆ ಜೋಳ ಮಲಗುತ್ತದೆ, ವ್ಯಾಪಾರ ಮಲಗುತ್ತದೆ. ಗೋಡೆ ಎಬ್ಬಿಸುತ್ತೇವೆ, ಧೂಳೆಬ್ಬಿಸುತ್ತೇವೆ. ಆದರೆ ತಕರಾರೂ ಇದೆ: ಒಕ್ಕಲೆಬ್ಬಿಸು ಅಂದರೆ ಇದ್ದವರನ್ನು ಓಡಿಸುವುದು. (ನನ್ನ ಗಾಡಿಯ ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಸಂಸಾರವಿತ್ತು, ಆ ಅರ್ಥದಲ್ಲೂ ಎಬ್ಬಿಸಿದ್ದೇನೆ.) ‘ಗಾಡಿ ಎಬ್ಬಿಸಿದ’ ಅಂದರೆ ಬೇರೆ ಊರಿನವರು ಕದ್ದೊಯ್ದ ಎಂದು ತಿಳಿದಾರೆಯೇ ಎಂಬ ಅಳುಕೂ ಇದೆ.

ಇನ್ನೊಂದು ಕುತೂಹಲ. ಅಳಿಸಿ ಹಾಕಿದ ಜೀರ್ಣೋದ್ಧಾರವನ್ನು ಒಂದು ರಾತ್ರಿ ಬಿಡಿಸಿ ನೋಡಿದೆ. ದಿನಬಳಕೆಯಲ್ಲಿ ಜೀರ್ಣ ಅಂದರೆ ಉಂಡದ್ದು ಕರಗುವುದು, ಉದ್ಧಾರ ಅಂದರೆ ಬೈಗುಳ: “ನೀ ಉದ್ಧಾರ ಆಗಂಗಿಲ್ಲ.” ಆದರೆ ಮೂಲದಲ್ಲಿ ಉದ್ಧಾರ ಅಂದರೆ ಮೇಲಕ್ಕೆತ್ತುವುದು. ಸವೆದು ಬಿದ್ದದ್ದನ್ನು ಮೇಲೆತ್ತುವುದೇ ಜೀರ್ಣೋದ್ಧಾರ. ಉಸ್ತಾದರು ಸಂಸ್ಕೃತ ಓದಿದವರಲ್ಲ, ಆದರೂ ‘ಎಬ್ಬಿಸು’ ಅಂದಾಗ ಅದನ್ನೇ ಹೇಳಿದರು. ಅದಕ್ಕೆ ಪಾವತಿ ಪುಸ್ತಕದ ವಾಸನೆಯೂ ಇಲ್ಲ.

ಹಾಗಾಗಿ ಬಲ್ಲವರಲ್ಲಿ ನನ್ನ ಕೇಳಿಕೆ. ನಿಂತುಹೋದ ಯಂತ್ರಕ್ಕೆ, ಅದು ಗಾಡಿಯಿರಲಿ, ಗಿರಣಿಯಿರಲಿ, ಪಂಪ್‌ಸೆಟ್ಟಿರಲಿ, ‘ಎಬ್ಬಿಸು’ ಅನ್ನುವುದನ್ನು ನಿಮ್ಮ ಕಡೆ ಕೇಳಿದ್ದೀರಾ? ಬೀದರ, ಯಾದಗಿರಿಯವರು ಏನನ್ನುತ್ತೀರಿ? ಗಾಡಿ ಹುಟ್ಟಿದ ಮೈಸೂರಿನ ಹಳೆಯ ಮೆಕ್ಯಾನಿಕರ ಬಾಯಲ್ಲಿ ಇದಕ್ಕೆ ಯಾವ ಪದವಿತ್ತು? ಇದರಿಂದ ಒಂದು ನಾಮಪದ ಮಾಡಬೇಕಾದರೆ ‘ಎಬ್ಬಿಕೆ’ ಆದೀತೇ, ಕಿವಿಗೆ ಒಗ್ಗುತ್ತದೆಯೇ? ನನ್ನ ಕಿವಿಗೆ ಅದು ಬಿಕ್ಕಳಿಕೆಯಂತೆ ಕೇಳುತ್ತದೆ. ಚೂಡಿಗೆ ನಿಮ್ಮೂರಿನ ಮಾತು ತಿಳಿಸಿದರೂ ಬರೆದುಕೊಳ್ಳುತ್ತೇನೆ.

ಗಾಡಿಯ ವಿಚಾರ ಕೇಳುವವರಿಗೆ: ಪಾಯಿಂಟ್ ಗ್ಯಾಪು 0.4 ಮಿಲಿಮೀಟರಿಗೆ ತಂದಾಯಿತು, ಪ್ಲಗ್ಗಿಗೆ ಕರೆಂಟ್ ಬರುತ್ತಿದೆ. ಲೀಟರಿಗೆ 40 ಮಿಲಿ ಆಯಿಲ್ ಬೆರೆಸಿದ ಪೆಟ್ರೋಲೂ ಟಂಕಿಯಲ್ಲಿದೆ. ಮೊನ್ನೆ ಭಾನುವಾರ ಒಂದು ಸಲ ಕೆಮ್ಮಿ, ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಿಟ್ಟು ಸುಮ್ಮನಾಯಿತು. ಕಾರ್ಬೊರೇಟರಿನಲ್ಲಿ ಇನ್ನೂ ಕಚರಾ ಇದೆಯಂತೆ. ನೋಟ್‌ಬುಕ್ಕಿನ ರಟ್ಟಿನ ಮೇಲೆ ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ‘ಕಾಕಾನ ಜಾವಾ ಎಬ್ಬಿಸುವುದು’ ಎಂದಿದೆ. ‘ಎಬ್ಬಿಸಿದ್ದು’ ಎಂದು ಬರೆಯಲು ಉಸ್ತಾದರು ಇನ್ನೂ ಬಿಟ್ಟಿಲ್ಲ.