ಕನಸಿನ ಕಾರಿಗಾಗಿ ಇರುವ ಕಾರು ಮಾರಬಹುದಾ? ಅನುಭವ ಇರುವವರು ಹೇಳಿ

ಕೇಳಿದವರು:

ನನ್ನ ಹತ್ತಿರ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಇದೆ. ಹಳೆಯದಾದರೂ ಈವರೆಗೆ ಕೈ ಕೊಟ್ಟಿಲ್ಲ. ಆದರೆ ಚಿಕ್ಕಂದಿನಿಂದ ಮನಸ್ಸಲ್ಲಿ ಕೂತಿರುವುದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಮಿಯಾಟಾ ಅಂತಾರಲ್ಲ, ಅದೇ. ಹೆಡ್‌ಲೈಟ್ ಮೇಲೆದ್ದು ಬರುವ ಎರಡು ಸೀಟಿನ ಕಾರು. ಈಗ ಅದಕ್ಕೆ ಬೇಕಾದಷ್ಟು ದುಡ್ಡು ಕೂಡಿದೆ. ಹ್ಯಾಚ್‌ಬ್ಯಾಕ್ ಮಾರಿ ದಿನದ ಓಡಾಟಕ್ಕೂ ಅದನ್ನೇ ಇಟ್ಟುಕೊಳ್ಳಲಾ, ಇಲ್ಲ ಎರಡನ್ನೂ ಸಾಕಲಾ? ನೋಡಲು ಹೋದಾಗ ಏನೇನು ಗಮನಿಸಬೇಕು? ನೀವು ಯಾವ ಕಾರು ಓಡಿಸುತ್ತೀರಿ, ಯಾವುದರ ಕನಸು ಕಾಣುತ್ತೀರಿ ಅನ್ನುವುದನ್ನೂ ಬರೆಯಿರಿ, ಓದಲು ಆಸೆ.

ಮಿಯಾಟಾ ಮತ್ತು ಒಂದು ಸೆಡಾನ್ ಇರುವವರು:

ಹ್ಯಾಚ್‌ಬ್ಯಾಕ್ ಮಾರಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಮಿಯಾಟಾ ಬಂದದ್ದು 1989ರಲ್ಲಿ. ನೀವು ಹೇಳುವ ಮೊದಲ ತಲೆಮಾರು 1997ರ ಹೊತ್ತಿಗೆ ಮುಗಿಯಿತು. ಅಂದರೆ ನಿಮಗೆ ಸಿಗುವ ಅತಿ ಹೊಸ ಕಾರಿಗೂ ಕಾಲು ಶತಮಾನ ದಾಟಿದೆ. ಎಂಜಿನ್ ಗಟ್ಟಿ, ಅದರ ಬಗ್ಗೆ ಚಿಂತೆ ಬೇಡ. ವಯಸ್ಸಾಗುವುದು ರಬ್ಬರಿಗೆ. ಹೋಸ್, ಸೀಲ್, ಬುಶ್ ಎಲ್ಲ ಒಂದೊಂದಾಗಿ ಬಿರುಕು ಬಿಡುತ್ತವೆ. ಒಂದು ಹೋಸ್ ಹೋದರೆ ಕಾರು ನಿಲ್ಲುತ್ತದೆ, ಸರಿಯಾದ ಬಿಡಿಭಾಗ ಬರುವವರೆಗೆ ಕಾಯಬೇಕು. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಆರಾಮಾಗಿ ಕಾಯಬಹುದು. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ ಅಂತ ಸಿಕ್ಕಿದ್ದನ್ನು ಹಾಕಿಸಿಕೊಂಡು ಹೊರಡುತ್ತೀರಿ. ಇಷ್ಟಪಟ್ಟು ತಂದ ಕಾರಿನ ಮೇಲೆ ಬೇಸರ ಹುಟ್ಟುವುದು ಅಲ್ಲಿಂದಲೇ.

ಓಡಿಸುವ ಸುಖದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ. ಕಾಗದದ ಮೇಲೆ ಏನೂ ಅಲ್ಲ. ಆದರೆ ಕಾರಿನ ತೂಕ ಒಂದು ಟನ್ನಿಗೂ ಕಡಿಮೆ. ಗೇರ್ ಲಿವರ್ ಗಿಡ್ಡ, ಮಣಿಕಟ್ಟು ಆಡಿಸಿದರೆ ಗೇರ್ ಬೀಳುತ್ತದೆ. ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಇಳಿಸುವಾಗ ಅದು ಟಕ್ ಅಂತ ಕೂರುವುದು ಅಂಗೈಗೆ ಗೊತ್ತಾಗುತ್ತದೆ. ವೇಗ ಜಾಸ್ತಿ ಇರಬೇಕಂತಿಲ್ಲ. ಸಾಧಾರಣ ವೇಗದಲ್ಲೇ ಕಾರು ನಿಮ್ಮ ಜೊತೆ ಮಾತಾಡುತ್ತಿರುತ್ತದೆ.

ಟಾಪ್, ಅಂದರೆ ಮಡಚುವ ಬಟ್ಟೆಯ ಛಾವಣಿ, ತೆಗೆಯುವುದೂ ಸುಲಭ. ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ ಕಿಟಕಿಯನ್ನು ಮಲಗಿಸಿ. ಆಮೇಲೆ ಮುಂದಿನ ಗಾಜಿನ ಮೇಲಿನ ಎರಡು ಕೊಂಡಿ ತೆಗೆದು ಹಿಂದಕ್ಕೆ ತಳ್ಳಿ. ಜಿಪ್ ಬಿಚ್ಚದೆ ಮಡಚುತ್ತಾ ಹೋದರೆ ಆ ಪ್ಲಾಸ್ಟಿಕ್ ಸುಕ್ಕುಗಟ್ಟಿ ಕೊನೆಗೆ ಸೀಳುತ್ತದೆ. ನೋಡಲು ಹೋದಾಗ ಕಿಟಕಿಯ ಸುಕ್ಕು ನೋಡಿ, ಹಿಂದಿನ ಮಾಲೀಕರು ಎಷ್ಟು ಜೋಪಾನ ಮಾಡಿದ್ದಾರೆ ಅನ್ನುವುದು ಅಲ್ಲೇ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ತುಕ್ಕು. ಟಾಪ್ ಮೇಲೆ ಬಿದ್ದ ನೀರು ಸೀಟುಗಳ ಹಿಂದೆ, ಎರಡೂ ಬದಿಯಲ್ಲಿರುವ ತೂತುಗಳ ಮೂಲಕ ಕೆಳಗೆ ಹರಿದುಹೋಗಬೇಕು. ಎಲೆ, ಮಣ್ಣು ಸೇರಿ ತೂತು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಲ್ಲುತ್ತದೆ. ಹೊರಗೆ ಪೇಂಟ್ ಥಳಥಳ ಅನ್ನುತ್ತಿರುತ್ತದೆ, ಒಳಗೆ ತಗಡು ಕರಗುತ್ತಿರುತ್ತದೆ. ಹಿಂದಿನ ಚಕ್ರದ ಮುಂದುಗಡೆ ಸಿಲ್ ಮುಗಿಯುವ ಜಾಗವನ್ನು ಬಗ್ಗಿ, ಟಾರ್ಚ್ ಹಿಡಿದು ನೋಡಿ. ಅಲ್ಲಿ ಪೇಂಟ್ ಉಬ್ಬಿದ್ದರೆ ವಾಪಸ್ ಬನ್ನಿ. ಎಂಜಿನ್ ರಿಪೇರಿ ಮಾಡಿಸಬಹುದು, ಕೊಳೆತ ಬಾಡಿ ಸರಿ ಮಾಡಿಸುವುದು ಬೇರೆಯೇ ಖರ್ಚು.

ನನ್ನ ಕನಸು ಹೋಂಡಾ ಎಸ್2000, ಅದೂ ಟಾಪ್ ತೆರೆಯುವ ಎರಡು ಸೀಟಿನ ಕಾರು. ಎರಡು ಲೀಟರಿನ ಎಂಜಿನ್ 9000 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರುವುದನ್ನು ಒಮ್ಮೆ ಪಕ್ಕದ ಸೀಟಿನಲ್ಲಿ ಕೂತು ಕೇಳಿದ್ದೇನೆ. ಅದು ಇನ್ನೂ ಕಿವಿಯಲ್ಲಿದೆ.

ಜಿಟಿಐ ಒಂದೇ ಇಟ್ಟುಕೊಂಡವರು:

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ನಿಲ್ಲಿಸಲು ಜಾಗ ಒಂದೇ ಇದ್ದರೆ ಏನು ಮಾಡುವುದು? ನನ್ನದು ಆ ಸ್ಥಿತಿ. ಅದಕ್ಕೇ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಈ ಯೋಚನೆ 1976ರಿಂದ ಇದೆ: ಸಾಧಾರಣ ಮನೆಬಳಕೆಯ ಕಾರು, ಅದರೊಳಗೆ 110 ಅಶ್ವಶಕ್ತಿಯ ಎಂಜಿನ್. ಇವತ್ತಿಗೂ ಅದೇ ಲೆಕ್ಕ. ಹಿಂದೆ ಮಕ್ಕಳು ಕೂರುತ್ತಾರೆ, ಡಿಕ್ಕಿಯಲ್ಲಿ ಸಾಮಾನು ಹಿಡಿಯುತ್ತದೆ, ಒಬ್ಬನೇ ಹೊರಟಾಗ ಖುಷಿಯೂ ಇದೆ. ಮಿಯಾಟಾದಷ್ಟು ಖುಷಿ ಇಲ್ಲ, ನಿಜ. ಆದರೆ ಪ್ರತಿದಿನ ಸ್ವಲ್ಪ ಖುಷಿ ನನಗೆ ಸಾಕು. ಕನಸು ಲೋಟಸ್ ಎಲೀಸ್ ಅನ್ನುವ ಹಗುರವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಅದು ಕನಸಾಗಿಯೇ ಇರಲಿ.

ಗ್ಯಾರೇಜ್ ಕೆಲಸ ಮಾಡುವವರು:

ನಾನು ಹಳೆ ಕೊರೋಲಾ ಓಡಿಸುತ್ತೇನೆ. ಕನಸು ಎಇ86, 1980ರ ದಶಕದ ಕೊರೋಲಾದ ಸ್ಪೋರ್ಟ್ಸ್ ಮಾದರಿ. ಸಲಹೆ ಮಾತ್ರ ಕೆಲಸದ ಕಡೆಯಿಂದ.

ಎರಡು ಕಾರು ಸಾಕುವುದಾದರೆ ಒಂದು ವಿಷಯ ತಿಳಿದಿರಲಿ. ಸುಮ್ನೆ ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಬ್ಯಾಟರಿ ಇಳಿಯುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ, ಸೀಲ್‌ಗಳು ಒಣಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕಡಿಮೆ ಓಡಿದೆ ಅಂತ ಬಿಡಬೇಡಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆರಿಸುವುದರಿಂದ ಉಪಯೋಗವಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಅಂತ ಮುಂಚೆಯೇ ಹೇಳಿ. ಬಿಸಿ ಎಂಜಿನ್ ಬಹಳಷ್ಟನ್ನು ಮುಚ್ಚಿಡುತ್ತದೆ. ಸಣ್ಣ ಅಯಸ್ಕಾಂತ ಜೇಬಲ್ಲಿರಲಿ. ಟಿಂಕರಿಂಗ್ ಮಾಡಿ ದಪ್ಪ ಪುಟ್ಟಿ ತುಂಬಿದ ಕಡೆ ಅದು ಅಂಟುವುದಿಲ್ಲ. ಟೈರಿನ ಪಕ್ಕದಲ್ಲಿ ತಯಾರಾದ ದಿನದ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಟೈರಿನ ಗೆರೆಗಳು ಸವೆಯದೆ ಚೆನ್ನಾಗಿದ್ದರೂ ಹತ್ತು ವರ್ಷದ ಟೈರ್ ಮೇಲೆ ತಿರುವುಗಳಲ್ಲಿ ಓಡಿಸಬೇಡಿ, ದಯವಿಟ್ಟು.

ಮಿಯಾಟಾದಲ್ಲೇ ಇನ್ನೊಂದು. 1991ರ ಮಧ್ಯದವರೆಗಿನ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಮುಂದಿನ ತುದಿ ಗಿಡ್ಡ. ಅಲ್ಲಿಯ ಬೋಲ್ಟ್ ಸಡಿಲವಾದರೆ ಪುಲ್ಲಿಯನ್ನು (ಬೆಲ್ಟ್ ಓಡುವ ಚಕ್ರ) ಜಾರದಂತೆ ಹಿಡಿಯುವ ಕೀ ಅನ್ನುವ ಸಣ್ಣ ತುಂಡು ಕೂರುವ ತೋಡು ಸವೆದು ಪುಲ್ಲಿ ಅಲುಗಾಡುತ್ತದೆ. ಮುಂದಿನ ಪುಲ್ಲಿಯ ಮಧ್ಯದಲ್ಲಿ ನಾಲ್ಕು ಸೀಳು ಕಂಡರೆ ಗಿಡ್ಡ ತುದಿ, ಎಂಟು ಕಂಡರೆ ಆಮೇಲಿನ ಉದ್ದ ತುದಿ. ನಾಲ್ಕು ಇದ್ದರೆ ಕೊಳ್ಳಲೇಬಾರದು ಅಂತಲ್ಲ, ಎಂಜಿನ್ ಓಡುತ್ತಿರುವಾಗ ಪುಲ್ಲಿ ಓಲಾಡುತ್ತಿದೆಯಾ ಅಂತ ನೋಡಿ ನಿರ್ಧರಿಸಿ.

ಜಿಮ್ನಿ ಮಾಲೀಕರು:

ನನ್ನ ಕನಸು ಗಾಳಿಯಿಂದ ತಣಿಯುವ ಎಂಜಿನ್ನಿನ ಪೋರ್ಷೆ 911, 1998ಕ್ಕೆ ನಿಂತುಹೋಯಿತಲ್ಲ, ಅದು. ಪರಿಚಯದವರೊಬ್ಬರು ಒಂದು ದಿನ ಓಡಿಸಲು ಕೊಟ್ಟರು. ಅದರಲ್ಲಿ ಪೆಡಲ್‌ಗಳು ಮೇಲಿಂದ ಇಳಿಬಿದ್ದಿಲ್ಲ, ನೆಲದಿಂದ ಎದ್ದಿವೆ. ಪಾದ ಇಡುವ ರೀತಿಯನ್ನೇ ಹೊಸದಾಗಿ ಕಲಿಯಬೇಕಾಯಿತು. ಖಾಲಿ ರಸ್ತೆಯಲ್ಲಿ ಸ್ವರ್ಗ. ಟ್ರಾಫಿಕ್‌ನಲ್ಲಿ ಸಂಜೆ ಹೊತ್ತಿಗೆ ಎಡಗಾಲು ಸೋತಿತ್ತು. ಆಸೆ ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೆ ಅದು ನನ್ನ ದಿನದ ಕಾರಾಗಲಾರದು ಅಂತ ಗಟ್ಟಿಯಾಯಿತು. ಲ್ಯಾಡರ್ ಫ್ರೇಮಿನ (ಏಣಿಯಂಥ ಗಟ್ಟಿ ಚೌಕಟ್ಟು) ಜಿಮ್ನಿ ಎಲ್ಲಿ ಬೇಕಾದರೂ ಹತ್ತುತ್ತದೆ, ದಿನದ ಓಡಾಟಕ್ಕೆ ನನಗೆ ಅದೇ ಸರಿ. ನೀವೂ ಒಂದು ಇಡೀ ದಿನ ಓಡಿಸಿ ನೋಡಿ, ಅರ್ಧ ಗಂಟೆ ಸಾಲದು. ಎತ್ತರ ಇದ್ದೀರಾ? ಆರು ಅಡಿ ದಾಟಿದವರಿಗೆ ಮಿಯಾಟಾ ಬಿಗಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐದಡಿ ಎಂಟು, ಹಿಡಿಯುತ್ತೇನೆ ಅನ್ನಿಸುತ್ತದೆ. ಹ್ಯಾಚ್‌ಬ್ಯಾಕ್ ಇರಲಿ ಅಂತ ತೀರ್ಮಾನ ಮಾಡಿದೆ. ಇನ್ನು ಹತ್ತು ವರ್ಷ ಕಳೆದರೂ ಬಿಡಿಭಾಗ ಸಿಗುತ್ತದಾ, ಅದೊಂದೇ ಭಯ.

ಮಿಯಾಟಾ ಮತ್ತು ಒಂದು ಸೆಡಾನ್ ಇರುವವರು:

ಹಳೆ ಕಾರುಗಳಲ್ಲಿ ಈ ವಿಷಯಕ್ಕೆ ಮಿಯಾಟಾ ಅದೃಷ್ಟವಂತ. ಹತ್ತು ಲಕ್ಷಕ್ಕೂ ಜಾಸ್ತಿ ಎಂಎಕ್ಸ್-5 ತಯಾರಾಗಿವೆ, ಅದಕ್ಕೇ ಹೊರಗಿನವರೂ ಭಾಗಗಳನ್ನು ಮಾಡುತ್ತಾರೆ. ಮಾಜ್ದಾ ಕೂಡ 2017ರಲ್ಲಿ ಮೊದಲ ತಲೆಮಾರಿನ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಯೋಜನೆ ಜಪಾನಿನಲ್ಲಿ ಘೋಷಿಸಿತು, ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಗ್ಯಾರೇಜಿನವರ ಕನಸಿನ ಎಇ86ಗೂ ಟೊಯೋಟಾ ಕೆಲವು ಭಾಗಗಳನ್ನು ಮತ್ತೆ ಮಾಡುತ್ತಿದೆ. ಹಾಗಾಗಿ ಯಾಂತ್ರಿಕ ಭಾಗಗಳ ಭಯ ಬಿಡಿ. ಒಳ್ಳೆಯ ಬಾಡಿ ಇರುವ ಕಾರು ಸಿಗುವವರೆಗೆ ಕಾಯಿರಿ. ಕಾರು ಕಂಡ ದಿನ ದುಡ್ಡು ಕೊಡುವ ಮುಂಚೆ ಸಿಲ್, ಪುಲ್ಲಿ, ಟೈರಿನ ಅಂಕಿ, ಮೂರರದ್ದೂ ಫೋಟೊ ಹಾಕಿ. ಎಲ್ಲರೂ ಕೂತು ನೋಡೋಣ.