ಕಾಫಿ ಕೊಯ್ಲಿನ ಕೂಲಿ: ಬಟವಾಡೆ ಪುಸ್ತಕದಲ್ಲಿ ಏನೇನು ಬದಲಾಗಬೇಕು?

ಗೋಣಿಬೀಡು_ರೊಬಸ್ಟಾ:
ಮೂಡಿಗೆರೆ ತಾಲ್ಲೂಕು, 30 ಎಕರೆ ಕಾಫಿ ತೋಟ. ಮುಕ್ಕಾಲು ಪಾಲು ರೊಬಸ್ಟಾ, ಉಳಿದದ್ದು ಅರೇಬಿಕಾ. ತೋಟದೊಳಗೆ ಆಳುಗಳು ಇರುವ ಲೈನ್ ಮನೆಗಳಲ್ಲಿ ಆರು ಸಂಸಾರ, ಕೊಯ್ಲಿಗೆ ಆಳು ಕರೆತರುವ ಮೇಸ್ತ್ರಿ ಕಡೆಯಿಂದ ಹೊರಗಿನವರು 25 ಜನ. ಈಗಿರುವ ಪದ್ಧತಿ ಹೀಗಿದೆ: ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಮ್ಮಿ. ಕೊಯ್ಲು ಶುರುವಾದರೆ ಎಲ್ಲರಿಗೂ ಕೆಜಿ ಲೆಕ್ಕ. ಗಂಡ ಹೆಂಡತಿ ಕುಯ್ದದ್ದು ಗಂಡನ ಹೆಸರಿಗೆ. ಮುಂಗಡ ಮೇಸ್ತ್ರಿ ಕೈಗೆ. ಇದನ್ನು ಈ ಸಲ ಸರಿ ಮಾಡಬೇಕು. ಶಾಲೆಗೆ ಬ್ಯಾಗ್ ಹಂಚಿ, ಜಾತ್ರೆಗೆ ಚಂದಾ ಕೊಡಿ ಅನ್ನುವ ಸಲಹೆ ಬೇಡ. ಎಲ್ಲಿಂದ ಶುರು ಮಾಡಲಿ?

ಬಟವಾಡೆ_ಲೆಕ್ಕ:
ಹೆಸರಿನಿಂದ ಶುರು ಮಾಡಿ. ಗಂಡನ ಹೆಸರಿಗೆ ತೂಕ ಬರೆದರೆ ಹೆಂಡತಿ ನಿಮ್ಮ ತೋಟದಲ್ಲಿ ಕೆಲಸವೇ ಮಾಡಿಲ್ಲ ಅಂತ ಪುಸ್ತಕ ಹೇಳುತ್ತೆ. ಹೆರಿಗೆ ಭತ್ಯೆಗೆ ಹಿಂದಿನ 12 ತಿಂಗಳಲ್ಲಿ 80 ದಿನದ ಹಾಜರಿ ಬೇಕು, ಅದು ಸಿಗಲ್ಲ. ಪಿಎಫ್ ಕಟ್ಟೋಕೆ ಅವಳ ಕೂಲಿಯ ದಾಖಲೆಯೇ ಇರಲ್ಲ. ದುಡ್ಡೂ ಅವಳ ಕೈಗೆ ಬರಲ್ಲ. ಆಳಿಗೊಂದು ನಂಬರ್, ಚೀಲಕ್ಕೆ ಅದೇ ನಂಬರಿನ ಚೀಟಿ, ಹಾಜರಿಯಲ್ಲಿ ಬೇರೆ ಬೇರೆ ಸಾಲು. ಖರ್ಚಿಲ್ಲದ ಬದಲಾವಣೆ ಇದು, ಆದರೂ ಹೆಚ್ಚಿನ ತೋಟಗಳಲ್ಲಿ ಆಗಿಲ್ಲ.

ಇನ್ನು ಕೆಜಿಯೋ ದಿನಗೂಲಿಯೋ ಅನ್ನೋದು. ಅರೇಬಿಕಾದ ಮೊದಲ ಸುತ್ತಿನಲ್ಲಿ ಗಿಡಕ್ಕೆ ನಾಲ್ಕು ಹಿಡಿ ಹಣ್ಣು. ಅಲ್ಲಿ ಕೆಜಿ ಲೆಕ್ಕ ಇಟ್ಟರೆ ತೂಕ ತುಂಬಿಸೋಕೆ ಕಾಯಿಯನ್ನೂ ಕೀಳ್ತಾರೆ. ಕಾಯಿ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಲ್ಲಿ ಸಿಪ್ಪೆ ಬಿಡಲ್ಲ, ಬೀಜ ತುಂಡಾಗುತ್ತೆ, ಸಿಪ್ಪೆ ಬಿಡಿಸಿ ಒಣಗಿಸಿದ ಬೀಜದ, ಅಂದರೆ ಪಾರ್ಚ್‌ಮೆಂಟ್ ಗುಣ ಕೆಡುತ್ತೆ. ಆಮೇಲೆ ಆಳುಗಳನ್ನು ಬೈದು ಪ್ರಯೋಜನ ಇಲ್ಲ, ತಪ್ಪು ಇರೋದು ಲೆಕ್ಕದಲ್ಲಿ. ಮೊದಲ ಸುತ್ತಿಗೆ ದಿನಗೂಲಿಯೇ ಸರಿ. ಕೊನೆಯ ಸುತ್ತಿಗೂ ಅಷ್ಟೇ.

ರೊಬಸ್ಟಾದ ದೊಡ್ಡ ಕೊಯ್ಲಿಗೆ ಬುಡ ಕೂಲಿ ಇಟ್ಟು ಅದರ ಮೇಲೆ ಕೆಜಿ. ಉದಾಹರಣೆಗೆ ದಿನಕ್ಕೆ 500 ರೂಪಾಯಿ, 100 ಕೆಜಿ ಮಟ್ಟ, ಅದರ ಮೇಲೆ ಪ್ರತಿ ಕೆಜಿಗೆ 5 ಅಂತಿಟ್ಟುಕೊಳ್ಳಿ. 130 ಕೆಜಿ ಕುಯ್ದವರಿಗೆ 650. 70 ಕೆಜಿ ಕುಯ್ದ ವಯಸ್ಸಾದ ಹೆಂಗಸಿಗೂ 500, 350 ಅಲ್ಲ. ಕೆಜಿ ಲೆಕ್ಕದ ನೆಪದಲ್ಲಿ ದಿನದ ಕೂಲಿ ಸರ್ಕಾರದ ಕನಿಷ್ಠಕ್ಕಿಂತ ಕೆಳಗಿಳಿಯಬಾರದು. ಆ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಹೋದ ವರ್ಷದ ದರದ ಹಾಳೆ ಇಟ್ಟುಕೊಂಡು ಕೂರಬೇಡಿ. ಆ 100 ಕೆಜಿ ಮಟ್ಟವನ್ನು ಅತಿ ಚುರುಕಿನ ಆಳನ್ನು ನೋಡಿ ಗೊತ್ತು ಮಾಡಬಾರದು. ಫಸಲು ಚೆನ್ನಾಗಿರುವ, ಸಾಧಾರಣ, ಇಳಿಜಾರು ಅಂತ ತೋಟದ ಮೂರು ಪಟ್ಟೆಯಲ್ಲಿ (ಭಾಗದಲ್ಲಿ) ಮಧ್ಯಮದ ಆಳುಗಳಿಂದ ಒಂದು ದಿನ ಕುಯ್ಯಿಸಿ ತೂಗಿ ನೋಡಿ. ಪಟ್ಟೆಗೊಂದು ಮಟ್ಟ ಬಂದರೂ ಬರಲಿ.

ತಕ್ಕಡಿ ಮಾತು. ಕಸ, ನೀರು ಅಂತ ಚೀಲಕ್ಕೆ 2 ಕೆಜಿ ಮುರಿಯೋದು ವಾಡಿಕೆ. ದಿನಕ್ಕೆ 3 ಚೀಲ, 40 ದಿನ ಅಂದರೆ 240 ಕೆಜಿ. ಕೆಜಿಗೆ 5ರಂತೆ ಒಬ್ಬರಿಂದ 1,200 ರೂಪಾಯಿ. ಹೀಗೆ ಯಾರ ಗಮನಕ್ಕೂ ಬಾರದೆ ಹೋಗುವ ದುಡ್ಡೇ ದೊಡ್ಡದು. ಖಾಲಿ ಗೋಣಿ ತೂಗಿ ಅಷ್ಟನ್ನೇ ಕಳೆಯಿರಿ. ಮಂಜಿಗೆ ನೆನೆದ ಗೋಣಿಯ ತೂಕ ಬೇರೆ, ಒಣಗಿದ್ದರದ್ದು ಬೇರೆ, ಬೆಳಿಗ್ಗೆ ಸಂಜೆ ಎರಡು ಸಲ ನೋಡಿದರೆ ವಾಸಿ. ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಆಗಬೇಕು. ಪಕ್ಕದಲ್ಲಿ ಮುದ್ರೆ ಬಿದ್ದ 20 ಕೆಜಿ ಬಟ್ಟು ಇರಲಿ, ಅನುಮಾನ ಬಂದವರು ಇಟ್ಟು ನೋಡಲಿ. ಅಂಕಿ ತೋರಿಸುವ ಮುಖ ಲೆಕ್ಕ ಬರೆಯುವ ರೈಟರ್ ಕಡೆಗಲ್ಲ, ಆಳುಗಳ ಕಡೆಗೆ.

ಸಕಲೇಶಪುರ_ಕಡತ:
ಕಾನೂನಿನ ಕಡೆಯಿಂದ ಒಂದಿಷ್ಟು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1951ರ ತೋಟ ಕಾರ್ಮಿಕರ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ ಎರಡೂ ಅದರೊಳಗೆ ಸೇರಿಹೋಗಿವೆ. ಗಂಡಾಳು, ಹೆಣ್ಣಾಳು ಅನ್ನುವ ಎರಡು ದರ 1976ರಿಂದಲೂ ತಪ್ಪೇ, ಹೊಸದೇನಲ್ಲ. ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯೋದಕ್ಕೆ) ಏಣಿ ಹತ್ತೋದು ಕಷ್ಟ, ಅದಕ್ಕೆ ಗಂಡಸರಿಗೆ ಜಾಸ್ತಿ ಅನ್ನೋರು ಇದ್ದಾರೆ. ಸರಿ, ಹಾಗಾದರೆ ಮರಗಸಿಗೆ ಅಂತ ಹೆಚ್ಚುವರಿ ದರ ಬರೆಯಿರಿ, ಆ ದಿನ ಏಣಿ ಹತ್ತಿದವರಿಗೆ ಕೊಡಿ. ಕಳೆ ತೆಗೆಯುವ ದಿನಕ್ಕೂ ಅದೇ ವ್ಯತ್ಯಾಸ ಇದ್ದರೆ ಅದು ಕೆಲಸದ ದರ ಅಲ್ಲ.

ವಾರದ ಬಟವಾಡೆಯಾದರೆ ವಾರದ ರಜೆಯ ಹಿಂದಿನ ದಿನವೇ ದುಡ್ಡು ಕೈ ಸೇರಬೇಕು. ಆಳು ಸಂಖ್ಯೆ 20 ಮುಟ್ಟಿದರೆ ಪಿಎಫ್, ಹಂಗಾಮಿ ಆಳುಗಳೂ ಲೆಕ್ಕಕ್ಕೆ. ಒಮ್ಮೆ ಅನ್ವಯವಾದ ಮೇಲೆ ಮಳೆಗಾಲದಲ್ಲಿ ಹನ್ನೆರಡೇ ಜನ ಉಳಿದರೂ ಬಿಡೋ ಹಾಗಿಲ್ಲ. ನಿಮ್ಮದು 30 ದಾಟಿದೆ. 10 ಜನ ಇದ್ದಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿಯೂ ಆಗಬೇಕು (ಇದನ್ನು ತೋಟಗಳಲ್ಲಿ ಯಾರೂ ನೆನಪಿಸಿಕೊಳ್ಳಲ್ಲ).

ಮುಂಗಡದ ವಿಷಯ ಅತಿ ಸೂಕ್ಷ್ಮ. ಮುಂಗಡ ತೀರುವವರೆಗೆ ಬಿಟ್ಟು ಹೋಗಬಾರದು ಅಂದರೆ ಅದು 1976ರ ಜೀತ ಪದ್ಧತಿ ನಿಷೇಧ ಕಾಯ್ದೆಯ ಕೆಳಗೆ ಬರುತ್ತೆ. ಆಧಾರ್, ಎಟಿಎಂ ಕಾರ್ಡು ತೆಗೆದಿಟ್ಟುಕೊಳ್ಳೋದಂತೂ ಕೂಡದು. ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ಮೀರಬಾರದು ಅನ್ನೋದು ಕಾನೂನು. ಆದರೆ ಅರ್ಧ ಮುರಿದರೆ ವಾರದ ಸಂತೆಗೆ ದುಡ್ಡು ಸಾಲದೆ ಮತ್ತೆ ಸಾಲ ಕೇಳ್ತಾರೆ, ಲೆಕ್ಕ ಮುಗಿಯೋದೇ ಇಲ್ಲ. ವಾರಕ್ಕೆ ಐದನೇ ಒಂದು ಪಾಲು ಮುರಿದರೆ ಸಾಕು.

ಬೇಲೂರು_ಅರೇಬಿಕಾ:
ಹೇಳೋದು ಸುಲಭ. ಒಬ್ಬರು ಕೂಲಿ ಏರಿಸಿದರೆ ಮರುದಿನ ಸುತ್ತಲಿನ ತೋಟಗಳಲ್ಲಿ ಆಳು ಕೆಲಸ ನಿಲ್ಲಿಸ್ತಾರೆ. ಸಣ್ಣ ಬೆಳೆಗಾರರು ಎಲ್ಲಿಗೆ ಹೋಗಬೇಕು?

ಬಟವಾಡೆ_ಲೆಕ್ಕ:
ನಿಮ್ಮ ಆತಂಕ ಸುಳ್ಳಲ್ಲ, ಆದರೆ ಲೆಕ್ಕ ಹಾಕಿ ನೋಡಿ. 50 ಕೆಜಿಯ ಒಂದು ಚೀಲ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಆಗೋಕೆ ಸುಮಾರು 120-125 ಕೆಜಿ ಹಣ್ಣು ಬೇಕು. ಕೊಯ್ಲಿನ ದರ ಕೆಜಿಗೆ ಒಂದು ರೂಪಾಯಿ ಏರಿದರೆ ಚೀಲಕ್ಕೆ 125 ರೂಪಾಯಿ ಖರ್ಚು. ಅದನ್ನು ಇವತ್ತಿನ ಚೀಲದ ರೇಟಿನ ಪಕ್ಕ ಇಟ್ಟು ಹೇಳಿ. ಜೊತೆಗೆ ತೂಕ ಸರಿ ಮಾಡೋಕೆ, ಹೆಸರು ಬೇರೆ ಬರೆಯೋಕೆ ಪಕ್ಕದವರ ಒಪ್ಪಿಗೆ ಬೇಡವಲ್ಲ. ದರ ಏರಿಸೋದಾದರೆ ನವೆಂಬರಿಗೆ ಮುಂಚೆ ಬೆಳೆಗಾರರ ಸಂಘದಲ್ಲಿ ಮಾತಾಡಿ. ಜನವರಿ ಮಧ್ಯದಲ್ಲಿ ಏರಿಸಿದರೆ ಜಗಳ ಖಂಡಿತ.

ಹೇಮಾವತಿ_ದಂಡೆ:
ಪುಸ್ತಕದಾಚೆಯ ಎರಡು ಮಾತು. ಹೊರಗಿನವರು ಬರೋದು ಡಿಸೆಂಬರ್‌ನಿಂದ ಮಾರ್ಚ್, ಶಾಲೆ ನಡೆಯುವ ಕಾಲ. ಮಕ್ಕಳನ್ನು ಬಿಟ್ಟು ಬರೋಕಾಗಲ್ಲ, ಹಾಗಾಗಿ ತೋಟಕ್ಕೆ ಕರ್ಕೊಂಡು ಬರ್ತಾರೆ. ಹತ್ತು ವರ್ಷದ ಹುಡುಗ ಉದುರಿದ ಹಣ್ಣು ಆರಿಸಿ ಅಮ್ಮನ ಚೀಲಕ್ಕೆ ಹಾಕಿದರೂ ಅದು ಬಾಲಕಾರ್ಮಿಕತನವೇ. ಅವರು ಬರೋ ಒಂದು ವಾರ ಮೊದಲೇ, ಸುತ್ತಲಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್‌ನ ಸಿಆರ್‌ಪಿಗೆ ಮಕ್ಕಳ ವಯಸ್ಸು, ತರಗತಿ ಬರೆದು ಕೊಡಿ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೂರಿಸ್ತಾರೆ. ಕೂಸುಗಳಿಗೆ ಲೈನ್‌ನ ಒಂದು ಕೋಣೆ ಬಿಟ್ಟು, ವಯಸ್ಸಾದ ಒಬ್ಬ ಆಳಿಗೆ ಪೂರ್ತಿ ದಿನಗೂಲಿ ಕೊಟ್ಟು ನೋಡಿಕೊಳ್ಳೋಕೆ ಹೇಳಿ. ಅರ್ಧ ಕೂಲಿ ಕೊಟ್ಟರೆ ಅವರು ಹತ್ತು ಗಂಟೆಗೆ ಚೀಲ ಹಿಡ್ಕೊಂಡು ತೋಟಕ್ಕೆ ಹೋಗ್ತಾರೆ. ಪಡಿತರ ಚೀಟಿ ಬೇರೆ ರಾಜ್ಯದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತಗೋಬಹುದು, ಗೊತ್ತಿಲ್ಲದೆ ಅಂಗಡಿಯಲ್ಲಿ ಕೊಳ್ತಾರೆ.

ಎರಡನೆಯದು ಪಲ್ಪರ್ ನೀರು. ಹಳ್ಳಕ್ಕೆ ಬಿಟ್ಟರೆ ಕೆಳಗಿನ ಹಾಡಿಯವರು, ಲೈನಿನವರು ಅದನ್ನೇ ಕುಡೀಬೇಕು. ಹುಳಿ ನೀರು ಅದು, ಮೊದಲು ಸುಣ್ಣ ಹಾಕಿ ಹುಳಿ ಇಳಿಸಿ, ಆಮೇಲೆ ಗುಂಡಿಗಳಲ್ಲಿ ನಿಲ್ಲಿಸಬೇಕು. ಸುಣ್ಣ ಹಾಕದೆ ಬರೀ ಗುಂಡಿಗೆ ಬಿಟ್ಟರೆ ಕೊಳೆಸುವ ಸೂಕ್ಷ್ಮಜೀವಿ ಬೆಳೆಯಲ್ಲ, ವಾಸನೆ ಒಂದೇ ಲಾಭ. ಅಳತೆಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಗೋಣಿಬೀಡು_ರೊಬಸ್ಟಾ:
ಹೆಸರು, ಬಟ್ಟು, ಗೋಣಿ ತೂಕ ಈ ವಾರವೇ ಆಗುತ್ತೆ. ಒಂದು ಉಳೀತು. ಮೇಸ್ತ್ರಿ ಕಮಿಷನ್ ಕೆಜಿ ದರದಲ್ಲೇ ಸೇರಿದೆ, ಅವನು ಎಷ್ಟು ಇಟ್ಕೊಂಡು ಎಷ್ಟು ಕೊಡ್ತಾನೆ ಗೊತ್ತಾಗಲ್ಲ.

ಸಕಲೇಶಪುರ_ಕಡತ:
ಎರಡನ್ನೂ ಬೇರೆ ಮಾಡಿ. ಆಳಿನ ಕೂಲಿ ಪೂರ್ತಿ ಆಳಿನ ಖಾತೆಗೆ, ಮೇಸ್ತ್ರಿಗೆ ಹಾಜರಿ ದಿನದ ಮೇಲೆ ತಲೆಗಿಷ್ಟು ಅಂತ ನೀವೇ ಪ್ರತ್ಯೇಕ ಚೀಟಿಯಲ್ಲಿ ಕೊಡಿ. ಅವನು ಕೂಲಿ ನುಂಗಿದರೆ ಕೊಡಬೇಕಾದ ಹೊಣೆ ತೋಟದ ಮಾಲೀಕರ ಮೇಲೇ ಬರುತ್ತೆ. ದರ ಎಷ್ಟು ಅಂತ ತಕ್ಕಡಿ ಪಕ್ಕದ ಹಲಗೆಯಲ್ಲಿ ಕನ್ನಡದಲ್ಲೂ, ಬಂದವರ ಭಾಷೆಯಲ್ಲೂ ಬರೆಸಿ. ಮೇಸ್ತ್ರಿ ಕೈಲಿ ಬರೆಸಬೇಡಿ.